ಕುಡಿಯದವನ ಭಾನುವಾರ

ಎಲ್ಲಾ ರಗಳೆಗೂ ಕಾರಣ ಇಷ್ಟೇ: ಸೋಡಾನಿಗೆ ಡ್ರೈವಿಂಗ್ ಲೈಸೆನ್ಸ್ ಇತ್ತು, ಕುಡಿಯುವ ಚಟ ಇರಲಿಲ್ಲ. ಈ ಎರಡು ಗುಣ ಒಬ್ಬನಲ್ಲೇ ಸೇರಿಕೊಂಡರೆ ಪರದೇಶದಲ್ಲಿ ಅವನ ಗತಿ ಬಾಡಿಗೆ ಸೈಕಲ್ಲಿನ ಗತಿಯೇ. ಯಾರು ಬೇಕಾದರೂ ಹತ್ತಬಹುದು.

ಆಸ್ಪತ್ರೆ, ಹೋಟೆಲುಗಳ ಹಾಸಿಗೆ ಬಟ್ಟೆ ಒಗೆಯುವ ಆ ದೊಡ್ಡ ಫ್ಯಾಕ್ಟರಿಗೆ ಅವನನ್ನು ಕರೆಸಿಕೊಂಡವನು ಷಡ್ಡಕ, ಅಂದರೆ ಹೆಂಡತಿಯ ಅಕ್ಕನ ಗಂಡ. ಜೊತೆಗೆ ಊರಿನ ಕಡೆಯವರೇ ಇನ್ನಿಬ್ಬರು. ಒಬ್ಬ ಇಸ್ತ್ರಿ ಹಾಕುವವನು, ಇನ್ನೊಬ್ಬ ಬಾಯ್ಲರ್ ನೋಡಿಕೊಳ್ಳುವವನು. ಕೆಲಸವೇ ಅವರ ಹೆಸರೂ ಆಗಿಹೋಗಿತ್ತು. ಏಳು ತಿಂಗಳ ಹಿಂದೆ ಬಂದು ಬಟ್ಟೆ ಮಡಿಸುವ ವಿಭಾಗ ಸೇರಿದ ನಮ್ಮವನು ಮೊದಲ ಭಾನುವಾರವೇ "ನನಗೆ ಬರೀ ಸೋಡಾ ಸಾಕು" ಅಂದಿದ್ದ. ಆವತ್ತಿನಿಂದ ಅವನು ಸೋಡಾ.

ಫ್ಯಾಕ್ಟರಿಯ ವಸತಿಯಲ್ಲಿ ಕುಡಿಯುವ ಹಾಗಿರಲಿಲ್ಲ. ಅದಕ್ಕೇ ಪ್ರತಿ ಭಾನುವಾರ ಕಂಪನಿಯ ವ್ಯಾನಿನಲ್ಲಿ ಮೂವತ್ತು ಕಿಲೋಮೀಟರ್ ದೂರದ ಪಟ್ಟಣಕ್ಕೆ ಸವಾರಿ. ವಾಪಸ್ ಬರುವಾಗ ಸೇತುವೆಯ ಹತ್ತಿರ ಪೊಲೀಸರು ಡ್ರೈವರನ ಬಾಯಿಗೆ ಯಂತ್ರ ಇಟ್ಟು ಊದಿಸುತ್ತಿದ್ದರು. ಸಿಕ್ಕಿಬಿದ್ದರೆ ಕೆಲಸ ಹೋಗುವುದು ಗ್ಯಾರಂಟಿ, ಊರಿನ ವಿಮಾನ ಹತ್ತುವುದೂ ಗ್ಯಾರಂಟಿ. ಹಾಗಾಗಿ ಮೂವರು ಕುಡಿಯುವುದು, ಸೋಡಾ ಕಾಯುವುದು.

ಅಷ್ಟೇ ಆಗಿದ್ದರೆ ಸಹಿಸಬಹುದಿತ್ತು. ಮೂರು ಗಂಟೆಗೆ ಸರಿಯಾಗಿ ಊರಿನಿಂದ ಮೂವರ ಹೆಂಡಂದಿರೂ ಫೋನ್ ಮಾಡುತ್ತಿದ್ದರು. ಅಷ್ಟು ಹೊತ್ತಿಗೆ ಗಂಡಂದಿರ ನಾಲಿಗೆ ಹಿಂಡದ ಕಂಬಳಿಯಷ್ಟು ಭಾರ. ಮೂರೂ ಫೋನು ಸೋಡಾನ ಕೈಗೆ ಬರುತ್ತಿದ್ದವು. "ಸ್ನಾನಕ್ಕೆ ಹೋಗಿದ್ದಾರೆ ಅಕ್ಕಾ." "ಓವರ್‌ಟೈಮ್ ಇತ್ತು ಅತ್ತಿಗೆ." "ತಲೆನೋವು ಅಂತ ಈಗಷ್ಟೇ ಮಲಗಿದ್ರು." ಸುಳ್ಳು ಹೇಳಿ ಫೋನಿಟ್ಟಾಗಲೆಲ್ಲ ಅವನಿಗೆ ಮೈಯೆಲ್ಲ ಉರಿಯುತ್ತಿತ್ತು.

ಈ ಭಾನುವಾರ ಅವನಿಗೂ ಒಂದು ಕೆಲಸವಿತ್ತು. ಪಟ್ಟಣದಲ್ಲಿ ಒಂದು ಬಾಡಿಗೆ ಮನೆ. ಒಂದು ಕೋಣೆ, ಅಡುಗೆಮನೆ, ಮಗಳು ನಡೆದೇ ಹೋಗುವಷ್ಟು ಹತ್ತಿರದಲ್ಲಿ ಶಾಲೆ. ಮನೆಯ ಕರಾರು ತೋರಿಸಿದರೆ ಮಾತ್ರ ಹೆಂಡತಿ, ಮಗಳನ್ನು ಕರೆಸಿಕೊಳ್ಳಲು ಸರ್ಕಾರದ ಅನುಮತಿ. ಮನೆಯೊಡತಿ ತೋರಿಸುತ್ತಿದ್ದುದು ಭಾನುವಾರ ನಾಲ್ಕಕ್ಕೆ ಮಾತ್ರ. ಒಂದು ವಾರ ಇಸ್ತ್ರಿ ವ್ಯಾನಿನಲ್ಲೇ ವಾಂತಿ ಮಾಡಿಕೊಂಡ, ತಪ್ಪಿತು. ಇನ್ನೊಂದು ವಾರ ಬಾಯ್ಲರ್ ಪಕ್ಕದ ಮೇಜಿನವರ ಮೇಲೆ ಏರಿಹೋದ, ತಪ್ಪಿತು. ಇವತ್ತು ಬರದಿದ್ದರೆ ಬೇರೆಯವರಿಗೆ ಕೊಡುತ್ತೇನೆಂದು ಆಕೆ ಖಡಾಖಂಡಿತ ಹೇಳಿದ್ದಳು.

ಬಾರಿನ ಮೇಜಿಗೆ ಬಾಟಲಿ ಬಂತು. ಷಡ್ಡಕ ಮೂರು ಲೋಟಕ್ಕೂ ಬಗ್ಗಿಸಿದ.

"ಭಾವ, ಮೂರೂವರೆಗೆ ನಾನು ಹೊರಡ್ತೀನಿ. ಐದಕ್ಕೆ ವಾಪಸ್ ಬರ್ತೀನಿ."

"ಹೊರಡ್ತೀನಿ ಅಂದ್ರೆ? ಆ ಹೊತ್ತಿಗೆ ಇಸ್ತ್ರೀನ ಎತ್ಕೊಂಡು ಹೋಗಿ ವ್ಯಾನಲ್ಲಿ ಮಲಗಿಸೋರು ಯಾರು?"

"ಯಾಕೆ, ಅವನಿಗೆ ಕಾಲಿಲ್ವಾ?"

"ಇದಾವೆ ಕಣೋ," ಎಂದ ಇಸ್ತ್ರಿ ವಿನಯದಿಂದ, "ಆ ಹೊತ್ತಲ್ಲಿ ನನ್ನ ಮಾತು ಕೇಳಲ್ಲ."

ಬಾಯ್ಲರ್ ನಕ್ಕ. "ಕುಡಿಯದೋನಿಗೆ ಎಂಥದಯ್ಯ ಅರ್ಜೆಂಟು? ಆರಾಮಾಗಿ ಕೂತ್ಕೋ."

ಸೋಡಾನ ಸಹನೆ ಅಲ್ಲಿಗೆ ಮುಗಿಯಿತು. ಕುರ್ಚಿ ಹಿಂದಕ್ಕೆ ಬಿತ್ತು.

"ಏಳು ತಿಂಗಳಿಂದ ಆರಾಮಾಗೇ ಇದೀನಲ್ಲ! ನಿಮ್ಮ ವಾಂತಿ ಬಳಿದೆ, ನಿಮ್ಮ ಹೆಂಡ್ತೀರ ಹತ್ರ ಸುಳ್ಳು ಬೊಗಳಿದೆ. ಅಲ್ಲಾ, ನೀವು ಯಾಕೆ ಕುಡೀತೀರ? ಊರಲ್ಲಿದ್ದಾಗ ಒಬ್ಬರೂ ಮುಟ್ತಿರಲಿಲ್ಲವಲ್ಲ!"

ಮೂವರೂ ಮುಖ ಮುಖ ನೋಡಿಕೊಂಡರು. ಯಾರೂ ಈ ಪ್ರಶ್ನೆ ಕೇಳಿರಲಿಲ್ಲ.

"ನಾನು ಬಾಯ್ಲರ್‌ಗೋಸ್ಕರ," ಎಂದ ಷಡ್ಡಕ. "ಪಾಪ, ಒಂಟಿ ಆಗ್ತಾನೆ ಅಂತ."

"ನನಗೋಸ್ಕರಾನಾ? ನಾನು ಶುರು ಮಾಡಿದ್ದೇ ಇಸ್ತ್ರಿ ಬೇಜಾರು ಮಾಡ್ಕೋತಾನೆ ಅಂತ!"

"ಅಯ್ಯೋ," ಎಂದ ಇಸ್ತ್ರಿ, "ನೀವಿಬ್ರೂ ದೊಡ್ಡೋರು. ಕುಡಿಯಲ್ಲ ಅಂದ್ರೆ ತಪ್ಪು ತಿಳ್ಕೋತೀರ ಅಂತ ನಾನು..."

"ಥೂ ನಿಮ್ಮ!" ಎನ್ನುತ್ತಾ ಸೋಡಾ ಷಡ್ಡಕನ ತುಂಬಿದ ಲೋಟ ಎತ್ತಿ ಒಂದೇ ಉಸಿರಿಗೆ ಗಂಟಲಿಗೆ ಸುರಿದುಕೊಂಡ. ಸೀಮೆಎಣ್ಣೆಯಲ್ಲಿ ಕೆಮ್ಮಿನ ಔಷಧಿ ಕಲಸಿದ ಹಾಗಿತ್ತು. ಕಣ್ಣಲ್ಲಿ ನೀರು ಬಂತು, ಕಿವಿಯಲ್ಲಿ ಹೊಗೆ ಬಂದಂತಾಯಿತು. "ಈಗ ವ್ಯಾನ್ ನೀವೇ ಓಡ್ಸಿ!"

ಲೈಸೆನ್ಸು ಮೂವರಿಗೂ ಇತ್ತು, ಯಾರೂ ಇನ್ನೂ ಒಂದು ಗುಟುಕೂ ಕುಡಿದಿರಲಿಲ್ಲ.

"ಬಾಯ್ಲರ್, ನೀನು ಇವತ್ತೊಂದಿನ ಬಿಡು," ಎಂದ ಷಡ್ಡಕ.

"ನಾನು ಬಾಯಿ ಒಣಗಿಸ್ಕೊಂಡು ಕೂರೋದು, ನೀವು ಕುಡಿಯೋದು? ಆಗಲ್ಲ."

"ಹಾಗಾದ್ರೆ ನಾನೂ ಕುಡಿಯಲ್ಲ, ನೀನೂ ಕುಡೀಬೇಡ!"

"ನಾನೊಬ್ಬನೇ ಕುಡಿದು ಏನು ಮಾಡ್ಲಿ?" ಎಂದ ಇಸ್ತ್ರಿ.

ಮೂವರೂ ಹಟಕ್ಕೆ ಬಿದ್ದು, ಗೂರ್ಖರ ಹಾಗೆ ಒಬ್ಬರನ್ನೊಬ್ಬರು ಕಾಯುತ್ತ ಕೂತರು. ಮೂರು ಹೊಡೆಯಿತು. ಮೂರೂ ಫೋನುಗಳು ಒಟ್ಟಿಗೆ ಕಿರುಚಿದವು. ಮೂರು ಕೈಗಳು ಅಭ್ಯಾಸಬಲದಿಂದ ಸೋಡಾನ ಕಡೆ ಚಾಚಿದವು.

"ನೀವೇ ಮಾತಾಡ್ರೀ!" ಎಂದು ಗುಡುಗಿ ಅವನು ಬೀದಿಗೆ ಬಂದ.

ಏಳು ತಿಂಗಳಲ್ಲಿ ಮೊದಲ ಬಾರಿಗೆ ಅವನ ಭಾನುವಾರ ಅವನದಾಗಿತ್ತು. ದಾರಿಯಲ್ಲಿ ಏಳು ಪೆಪ್ಪರ್‌ಮಿಂಟು ಒಟ್ಟಿಗೆ ಬಾಯಿಗೆ ಹಾಕಿಕೊಂಡ. ನಾಲ್ಕಕ್ಕೆ ಸರಿಯಾಗಿ ಕದ ತಟ್ಟಿದ. ಮನೆಯೊಡತಿ ಅವನ ಉಬ್ಬಿದ ಕೆನ್ನೆಯನ್ನೂ ಕೆಂಪು ಕಣ್ಣನ್ನೂ ನೋಡಿದಳು.

"ಹುಷಾರಿಲ್ವಾ?"

"ಹೆಂಡತಿ, ಮಗಳ ನೆನಪಾಯ್ತಮ್ಮಾ."

ಮುದುಕಿ ಕರಗಿದಳು. ಕೋಣೆ ತೋರಿಸಿದಳು, ನಲ್ಲಿ ಬಿಟ್ಟು ತೋರಿಸಿದಳು, ಮಗಳಿಗೆ ಮಂಚ ಹಾಕಲು ಕಿಟಕಿಯ ಪಕ್ಕದ ಜಾಗವನ್ನೂ ತೋರಿಸಿದಳು. "ಒಂಟಿ ಗಂಡಸರಿಗೆ ನಾನು ಕೊಡೋದೇ ಇಲ್ಲ. ಸಂಸಾರ ಬರುತ್ತೆ ಅಂತ ಕೊಡ್ತಿದ್ದೀನಿ," ಎಂದು ಬೀಗದ ಕೈ ಅವನ ಅಂಗೈಯಲ್ಲಿಟ್ಟಳು. ಅಷ್ಟರಲ್ಲಿ ಹೆಂಡತಿಯ ಫೋನ್ ಬಂತು.

"ರೀ, ಕುಡಿದ್ರಂತೆ?"

ಸುದ್ದಿ ಅವನಿಗಿಂತ ಬೇಗ ನಡೆದಿತ್ತು. "ಒಂದೇ ಲೋಟ ಕಣೇ, ಕೋಪಕ್ಕೆ..."

"ಬೈಯೋಕೆ ಮಾಡಿಲ್ಲ. ಅಕ್ಕ ಇಲ್ಲೇ ಅಳ್ತಾ ಕೂತಿದಾಳೆ, ಖುಷೀಗೆ! ಎರಡು ವರ್ಷ ಆದ್ಮೇಲೆ ಭಾವ ಇವತ್ತು ಭಾನುವಾರ ನೆಟ್ಟಗೆ ಮಾತಾಡಿದ್ರಂತೆ. ಮಕ್ಕಳ ಹತ್ರ ಮಗ್ಗಿ ಹೇಳಿಸಿದ್ರಂತೆ. ಆ ಇಬ್ಬರ ಮನೇಲೂ ಇದೇ ಕತೆ. ನೀವು ಕುಡಿದಿದ್ದಕ್ಕೇ ಅವರು ಕುಡೀಲಿಲ್ಲ ಅಂತ ನಮ್ಮ ಹೆಂಗಸರ ಗ್ರೂಪಲ್ಲಿ ಎಲ್ಲರೂ ನಿಮಗೆ ಕೈ ಮುಗೀತಿದಾರೆ."

ಸೋಡಾನ ಎದೆ ಉಬ್ಬಿತು. "ಅದಿರ್ಲಿ, ಮನೆ ಸಿಕ್ತು ಕಣೇ! ಬೀಗದ ಕೈ ನನ್ನ ಕೈಯಲ್ಲೇ ಇದೆ!"

ಹೆಂಡತಿ ದನಿ ತಗ್ಗಿಸಿದಳು.

"ನಾವು ಬಂದ್ಮೇಲೆ ನೀವು ಅವರ ಜೊತೆ ಕೂತು ಕುಡಿಯಲ್ಲ, ಅಲ್ವಾ?"

"ಇನ್ನೊಂದು ತೊಟ್ಟೂ ಮುಟ್ಟಲ್ಲ!"

"ಅದೇರೀ ತೊಂದ್ರೆ. ನೀವು ಬಿಟ್ರೆ ಅವರು ಮತ್ತೆ ಶುರು ಮಾಡ್ತಾರೆ. ಒಂದು ವರ್ಷ ತಡೆದು ಹೋಗು, ಅಷ್ಟರಲ್ಲಿ ಇವರಿಗೆ ಅಭ್ಯಾಸ ತಪ್ಪುತ್ತೆ ಅಂತ ಅಕ್ಕ ನನ್ನ ಕಾಲು ಹಿಡ್ಕೊಂಡ್ಲು. ಒಡಹುಟ್ಟಿದೋಳಲ್ವಾ... ಹೂಂ ಅಂದೆ."

"ನಿನಗೇನು ತಲೆ ಕೆಟ್ಟಿದೆಯಾ?" ಸೋಡಾ ಕೂಗಿದ ರಭಸಕ್ಕೆ ಒಂದು ಪೆಪ್ಪರ್‌ಮಿಂಟು ಮನೆಯೊಡತಿಯ ಕಾಲ ಬಳಿ ಹೋಗಿ ಬಿತ್ತು.

"ಯಾವಾಗ ಬರ್ತಾರಂತೆ?" ಎಂದಳು ಆಕೆ.

ಅವನಿಗೆ ಸುಳ್ಳು ಹೇಳಿ ಹೇಳಿ ಸಾಕಾಗಿತ್ತು. "ಇನ್ನೊಂದು ವರ್ಷ..." ಎಂದ.

ಮುದುಕಿ ಅವನ ಮುಷ್ಟಿ ಬಿಡಿಸಿ ಬೀಗದ ಕೈ ತೆಗೆದುಕೊಂಡು, ಅವನನ್ನು ಹೊರಗೆ ಕಳಿಸಿ ಕದ ಹಾಕಿದಳು.

"ರೀ, ಕೇಳಿಸ್ತಿದೆಯಾ? ಇನ್ನೊಂದು ವಿಷಯ," ಹೆಂಡತಿಯ ದನಿ ಇನ್ನೂ ಬರುತ್ತಲೇ ಇತ್ತು. "ಒಂದು ಲೋಟ ಆದ್ರೆ ಸಾಯಂಕಾಲದ ಹೊತ್ತಿಗೆ ಇಳಿಯುತ್ತೆ, ವ್ಯಾನ್ ನೀವೇ ಓಡಿಸ್ತೀರ ಅಂತ ಅವರು ಮೂವರೂ ಬಾಟಲಿ ಮುಂದಿಟ್ಕೊಂಡು ಕಾಯ್ತಿದಾರಂತೆ. ಬೇಗ ಹೋಗಿ ಇನ್ನೊಂದು ಲೋಟ ಕುಡಿದುಬಿಡಿ."