ಡಂಬಳದ ಕೆರೆಗೆ ನಾನು ತಟ್ಟೆ ಇಳಿಸಿದ್ದು

ಗದಗಿನ ಕಾಲೇಜೊಂದರಲ್ಲಿ ಹದಿನೆಂಟು ವರ್ಷದಿಂದ ಪ್ರಾಣಿಶಾಸ್ತ್ರ ಕಲಿಸುತ್ತಿರುವ ನನಗೆ ಕೆರೆಯ ಜೀವಿಗಳ ಬಗ್ಗೆ ಗೊತ್ತಿಲ್ಲದ್ದೇ ಇರಲಿಲ್ಲ. ಒಂದೇ ಕೊರತೆ: ಕೆರೆಯ ಹತ್ತಿರ ಹೋಗಿರಲಿಲ್ಲ.

ಅದನ್ನೂ ನೀಗಿಸಲು ಒಂದು ಭಾನುವಾರ ಡಂಬಳಕ್ಕೆ ಹೊರಟೆ. ಚೀಲದಲ್ಲಿ ಸೂಕ್ಷ್ಮಜೀವಿ ಸೋಸುವ ಬಲೆ, ಬಾಟಲಿಗಳು ಮತ್ತು ಒಂದು ಕಪ್ಪು-ಬಿಳಿ ತಟ್ಟೆ. ತಟ್ಟೆಯನ್ನು ಹಗ್ಗಕ್ಕೆ ಕಟ್ಟಿ ನೀರಿಗಿಳಿಸಬೇಕು. ಅದು ಕಾಣದಾದಾಗ ಹಗ್ಗ ಅಳೆದರೆ ನೀರೆಷ್ಟು ತಿಳಿ ಎಂದು ಗೊತ್ತಾಗುತ್ತದೆ. ಇಷ್ಟೇ!

ಹೆಂಡತಿ ಸುಮಂಗಲಾ ಬಾಗಿಲಲ್ಲೇ ತಡೆದಳು. "ಹುಳ ಹಿಡಿಯಾಕ ಇಸ್ತ್ರಿ ಅಂಗಿ ಯಾಕ್ರಿ? ಮ್ಯಾಲೆ ಸೆಂಟ್ ಬ್ಯಾರೆ!"

ಅಂಗಿಯ ಇಸ್ತ್ರಿ ಕೆಡದಂತೆ ಬಸ್ಸು ಹತ್ತಿದೆ.

ಕೆರೆಯ ದಂಡೆಯಲ್ಲಿ ಫಕೀರವ್ವ ಎಂಬ ಮುದುಕಿ ಬಟ್ಟೆ ಒಗೆಯುತ್ತಿದ್ದಳು. ನಾನು ಆಚೆ ಕಾಣುತ್ತಿದ್ದ ಹಳೆಯ ಗುಡಿಯ ಕಡೆಗೊಮ್ಮೆ ನೋಡಿ, ಒಂದು ಕಣ್ಣು ಮುಚ್ಚಿ, ಬಾಯಲ್ಲಿ ಎಣಿಸುತ್ತ ತಟ್ಟೆ ಇಳಿಸಿದೆ. ಫಕೀರವ್ವ ಬಟ್ಟೆಯನ್ನು ಕಲ್ಲಿನ ಮೇಲೇ ಬಿಟ್ಟು ಊರವರನ್ನು ಕೂಗಿದಳು. ಐದು ನಿಮಿಷದಲ್ಲಿ ಹನ್ನೆರಡು ಮಂದಿ ನನ್ನ ಸುತ್ತ ಇದ್ದರು. ಮುಂದೆ ನಿಂತವನು ಆ ಕೆರೆಯಲ್ಲಿ ಮೀನು ಸಾಕಿದ್ದ ದಾದಾಪೀರ್.

"ಯಾರ್ರಿ ನೀವು? ನಿಧಿ ಹುಡುಕಾಕ ಬಂದೀರೇನು?"

"ಛೇ! ನಾನು ಜೀವ ಹುಡುಕಾಕ ಬಂದೀನ್ರಿ."

"ಯಾರ ಜೀವ?"

ವಿಷಯ ತಿಳಿಯಾಗಲೆಂದು ಕಂದು ಬಾಟಲಿ ತೆಗೆದು ತೋರಿಸಿದೆ. "ಹಿಡಿದ ಹುಳಾ ಕೆಡಬಾರದಂತ ಹಾಕೋ ಔಷಧ ಇದು."

ದಾದಾಪೀರನ ಮುಖ ಕೆಂಪಾಯಿತು. "ನನ್ನ ವರ್ಷದ ಅನ್ನ ಈ ನೀರಾಗ ಐತಿ. ಅದಕ್ಕ ಔಷಧ ಹಾಕಾಕ ಬಂದೀಯೇನು?"

ಬಹುವಚನ ಹೋಗಿತ್ತು! ಗುರುತಿನ ಚೀಟಿ ಕೇಳಿದರು. ಅದು ಮನೆಯಲ್ಲಿತ್ತು. ಹೆಂಡತಿಗೆ ಫೋನು ಹಚ್ಚಿದೆ. ದಾದಾಪೀರ್ ಅದನ್ನು ಕಸಿದುಕೊಂಡು ಎಲ್ಲರಿಗೂ ಕೇಳುವಂತೆ ಹಿಡಿದ.

"ಅಕ್ಕಾರ, ಇವರು ಮಾಸ್ತರ ಹೌದೇನ್ರಿ?"

"ಮಾಸ್ತರ ಖರೆ. ಅಲ್ಲೆ ಕೆರಿ ಐತೇನ್ರಿ?"

"ಐತ್ರಿ."

"ಜೋಡಿ ಯಾರ ಅದಾರ್ರಿ?"

"ಹನ್ನೆರಡ ಮಂದಿ ಅದೇವ್ರಿ."

"ಹಂಗಾದ್ರ ಆತು," ಎಂದು ಅವಳು ಫೋನಿಟ್ಟಳು. ಎರಡೂ ಕಡೆಯವರ ಸಂಶಯ ಒಂದೇ ಕರೆಯಲ್ಲಿ ತೀರಿತು.

ಹೋದ ಮಾನ ಮರಳಿತೆಂದುಕೊಂಡು ಗಂಟಲು ಸರಿಮಾಡಿದೆ. "ನೋಡ್ರಿ, ತಟ್ಟಿ ಎರಡಡಿಗೆ ಕಾಣದಂಗಾತು. ಅಂದ್ರ ನಿಮ್ಮ ನೀರು ಎರಡಡಿ ತಿಳಿ ಐತಿ!"

ಫಕೀರವ್ವ ಸೀರೆ ಎತ್ತಿಕಟ್ಟಿ, ಹಗ್ಗ ಹಿಡಿದು ನೀರಿಗಿಳಿದಳು. ನೀರು ಅವಳ ಮೊಣಕಾಲನ್ನೂ ಮುಟ್ಟಲಿಲ್ಲ. ಬಗ್ಗಿ, ಕೆಸರು ಮೆತ್ತಿದ ತಟ್ಟೆಯನ್ನು ಎಳೆದು ತೆಗೆದಳು.

"ತಟ್ಟಿ ರಾಡ್ಯಾಗ ಹುಗದೈತ್ರಿ ಮಾಸ್ತರ. ಎಲ್ಲಿಂದ ಕಾಣಬೇಕು?"

ಹನ್ನೆರಡು ಮಂದಿಯೂ ನಕ್ಕರು. ನಕ್ಕ ಮೇಲೆ ದಾದಾಪೀರನಿಗೆ ಮಾತ್ರ ಕನಿಕರ ಬಂತು. "ಬರ್ರಿ, ನಟ್ಟನಡು ಆಳ ಐತಿ," ಎಂದು ತೆಪ್ಪದಲ್ಲಿ ಕರೆದೊಯ್ದ. ನಾನೇ ಹೊಸದಾಗಿ ಗಂಟು ಹಾಕಿ ತಟ್ಟೆ ಇಳಿಸಿದೆ. ಈ ಸಲ ಅದು ನಿಜವಾಗಿಯೂ ಕಾಣದಾಯಿತು! ಸಂತೋಷದಿಂದ ಹಗ್ಗ ಎಳೆದೆ.

ಹಗ್ಗ ಮಾತ್ರ ಬಂತು.

ದಾದಾಪೀರ್ ತೆಪ್ಪದಿಂದ ಬಗ್ಗಿ ನೀರೊಳಗೆ ಇಣುಕಿದ. "ಹೋಗ್ಲಿ ಬಿಡ್ರಿ ಸರ್, ಮೀನಿಗೆ ಉಣ್ಣಾಕ ಒಂದು ತಟ್ಟಿ ಆತು. ಈಗ ಎಷ್ಟಂತ ಬರಕೋತೀರಿ?"

ನಾನು ಏನೂ ಬರೆದುಕೊಳ್ಳಲಿಲ್ಲ. ಹಗ್ಗವನ್ನು ಜೋಪಾನವಾಗಿ ಸುತ್ತಿ ಚೀಲದಲ್ಲಿಟ್ಟುಕೊಂಡೆ. ಅದನ್ನಾದರೂ ಗದಗಿಗೆ ಮುಟ್ಟಿಸುವ ಯೋಗ್ಯತೆ ನನಗಿದೆಯೆಂದು ನಂಬಿದ್ದೆ.

ಚೀಲವನ್ನೇ ಬಸ್ಸಿನಲ್ಲಿ ಬಿಟ್ಟು ಇಳಿದೆ!