ಮೀನು ತಿನ್ನದ ಮನೆಯ ಮೀನಿನ ಸೀಟು

ನಗಬಾರದ ಹೊತ್ತಿನಲ್ಲಿ ನಗು ತರಿಸುವ ಪ್ರಸಂಗಗಳಿಗೆ ನಮ್ಮ ಮನೆಯಲ್ಲಿ ಎಂದೂ ಬರವಿಲ್ಲ. ಆದರೆ ಪಿಯುಸಿ ಮುಗಿಸಿದ ನಾನು ಮೀನುಗಾರಿಕೆ ವಿಜ್ಞಾನದ ಪದವಿ ಓದುತ್ತೇನೆಂದ ವರ್ಷ ನಡೆದಷ್ಟು ಮತ್ತೆಂದೂ ನಡೆದಿಲ್ಲ. ಎಮ್ಮಿಗನೂರಿನ ನಮ್ಮದು ಲಿಂಗ ಕಟ್ಟಿದ ಮನೆ. ಮೊಟ್ಟೆ ಕೂಡ ಹೊಸ್ತಿಲು ದಾಟಿದ್ದಿಲ್ಲ.

೧. ಅಜ್ಜಿಯ ಅನುಮಾನ

ಬೇಸಿಗೆಯಲ್ಲಿ ಕಾಲುವೆ ಬಂದ್ ಆದಾಗ ಗುಂಡಿಗಳಲ್ಲಿ ಉಳಿದ ಮೀನುಗಳನ್ನು ಕೊಡದಲ್ಲಿ ಹೊತ್ತು ಬಾವಿಗೆ ಬಿಡುತ್ತಿದ್ದವಳು ನಾನು. ಎಷ್ಟೋ ಮೀನು ಅರ್ಧ ದಾರಿಯಲ್ಲೇ ಸಾಯುತ್ತಿದ್ದವು. ಯಾಕೆಂದು ಹೇಳುವವರು ಊರಲ್ಲಿರಲಿಲ್ಲ. ಅದನ್ನು ಕಲಿಯಬೇಕೆಂಬ ಆಸೆ ನನ್ನನ್ನು ಊಟಕ್ಕೆ ಕೂತಾಗಲೂ ಬಿಡುತ್ತಿರಲಿಲ್ಲ. ಅಜ್ಜಿಗೆ ಎಲ್ಲವನ್ನೂ ವಿವರಿಸಿದೆ.

"ಅದನ್ನ ಓದಾಕ ಮೀನ ತಿನ್ನಬೇಕೇನವ್ವಾ?"

"ಬ್ಯಾಡ ಅಜ್ಜಿ."

"ಹಂಗಾರ ಪಾಸ್ ಹೆಂಗ ಮಾಡ್ತಾರ? ರುಚಿ ನೋಡ್ಲಾರದ ಸಾರು ಇಳಿಸಿದಂಗ ಆತು!"

೨. ಲಾರಿ ಹೋಗುವ ಊರು

ಸಂಡೂರಿನ ಅದಿರಿಗೆ ಬಂಗಾರದ ಬೆಲೆ ಬಂದ ಕಾಲ ಅದು. ಹೊಸಪೇಟೆಯ ನಮ್ಮ ಸೋದರಮಾವ ಗದ್ದೆ ಮಾರಿ ಅದಿರಿನ ಲಾರಿ ಇಟ್ಟಿದ್ದ. ನನ್ನ ಮುಂದಿದ್ದದ್ದು ಎರಡು ಕಾಲೇಜು: ಒಂದು ಮಂಗಳೂರಿನಲ್ಲಿ, ಇನ್ನೊಂದು ಆಂಧ್ರದ ನೆಲ್ಲೂರಿನ ಕಡೆ. ಎರಡರ ಪುಸ್ತಿಕೆಗಳನ್ನೂ ದಿಂಬಿನ ಕೆಳಗಿಟ್ಟುಕೊಂಡಿದ್ದೆ. ಯಾವುದರಲ್ಲಿ ಎಷ್ಟು ಕೊಳ, ಎಂಥ ಪ್ರಯೋಗಾಲಯ ಎಂದು ಓದಿ ಓದಿ ಹಾಳೆಗಳು ಮೆತ್ತಗಾಗಿದ್ದವು. ಒಂದೇ ಒಂದು ಸಲ ಆ ಕೊಳದ ದಂಡೆ ಮೇಲೆ ನಿಂತರೆ ಸಾಕು ಅನ್ನಿಸುತ್ತಿತ್ತು. ಮಾವ ಪುಸ್ತಿಕೆಗಳನ್ನು ಬಿಚ್ಚಲೂ ಇಲ್ಲ.

"ಮಂಗಳೂರಿಗೇ ಕಳಸ್ರಿ. ನಮ್ಮ ಲಾರಿ ಬಂದರಿಗೆ ದಿನಾ ಹೊಕ್ಕಾವ. ಡ್ರೈವರ್ ಕೈಯಾಗ ರೊಟ್ಟಿ ಕಳಸಾಕ ಭಾಳ ಸಲೀಸು."

ಮನೆಯವರೆಲ್ಲ ತಲೆಯಾಡಿಸಿದರು. ನನ್ನ ಕಾಲೇಜನ್ನು ಆರಿಸಿದ್ದು ಅದಿರಿನ ಲಾರಿ.

೩. ಅಪ್ಪನ ಷರತ್ತು

ಬೆಂಗಳೂರಿನಲ್ಲಿ ಸೀಟು ಹಂಚುವ ದಿನ. ನನ್ನ ಸರದಿ ಬಂದಾಗ ಮಂಗಳೂರಿನಲ್ಲಿ ಒಂದೇ ಸೀಟು ಉಳಿದಿತ್ತು. ಅಪ್ಪ ಅಧಿಕಾರಿಯ ಎದುರು ಪೆನ್ನು ಹಿಡಿದು, ಸಹಿಯ ಜಾಗದ ಮೇಲೆ ಕೈ ನಿಲ್ಲಿಸಿಬಿಟ್ಟರು.

"ಸಾಹೇಬ್ರ, ಒಂದು ಮಾತು. ನನ್ನ ಮಗಳು ಮೀನ ಕೊಯ್ಯಂಗಿಲ್ರಿ."

"ಪ್ರಾಕ್ಟಿಕಲ್‌ನಲ್ಲಿ ಕೊಯ್ಯಲೇಬೇಕಾಗುತ್ತೆ, ಯಜಮಾನ್ರೇ. ಕೃಷಿ ಪದವಿಯ ಸೀಟೂ ಇದೆ, ಅದನ್ನ ತಗೊಳ್ಳಿ."

ಅಪ್ಪನ ಮುಖ ಅರಳಿತು. ನನಗೆ ಅಳು ಒತ್ತರಿಸಿ ಬಂತು. "ಅಪ್ಪಾ, ನನಗ ಇದೇ ಬೇಕು," ಎಂದೆ. ಅಪ್ಪ ಪೆನ್ನಿನ ಮುಚ್ಚಳ ಹಾಕಿದರು.

ಹಿಂದೆ ಸಾಲು ಬೆಳೆಯುತ್ತಿತ್ತು. ಅಧಿಕಾರಿಗೆ ರೇಗಿತು. "ಮಗಳಿಗೆ ಡಾಕ್ಟರ್ ಸೀಟು ಸಿಕ್ಕಿದ್ರೆ ಏನ್ ಮಾಡ್ತಿದ್ರಿ? ಅಲ್ಲಿ ಮನುಷ್ಯರನ್ನೇ ಕೊಯ್ಯಬೇಕಲ್ಲ!"

ಅಪ್ಪ ಒಂದು ಗಳಿಗೆಯೂ ಯೋಚಿಸಲಿಲ್ಲ.

"ಮನುಷ್ಯಾರನ್ನ ಎಷ್ಟರ ಕೊಯ್ಯಲಿ ಬಿಡ್ರಿ, ಅದಕ್ಕ ನಮ್ಮ ಮನ್ಯಾಗ ಯಾರದೂ ತಕರಾರಿಲ್ಲ!"

ಸಭಾಂಗಣವೆಲ್ಲ ಗೊಳ್ಳೆಂದಿತು. ಅಪ್ಪನಿಗೆ ತಾವು ಹೇಳಿದ್ದು ಆಗ ಕೇಳಿಸಿತು. ಹೊಟ್ಟೆ ಹಿಡಿದುಕೊಂಡು ನಕ್ಕರು, ನನ್ನ ಮುಖ ನೋಡಿ ಕಣ್ಣೊರೆಸಿಕೊಂಡರು, ನಗುತ್ತಲೇ ಮೀನಿನ ಸೀಟಿಗೆ ಸಹಿ ಹಾಕಿದರು.