ಬದುಕಿರೋ ಹಸುವಿಗೆ ಪಿಂಡ

ನಮ್ಮ ಚಿಕ್ಕಪ್ಪನಿಗೆ ಮನುಷ್ಯರ ಜ್ವರ ಮುಟ್ಟಿದರೂ ಗೊತ್ತಾಗುತ್ತಿರಲಿಲ್ಲ. ನೀರಿನ ಜ್ವರ ಮಾತ್ರ ದೂರದಿಂದಲೇ ತಿಳಿಯುತ್ತಿತ್ತು! ಅವರು ರಾಯಲ್ಪಾಡಿನ ಕಡೆಯ ದನದ ಆಸ್ಪತ್ರೆಯೊಂದರಲ್ಲಿ ಕಾಂಪೌಂಡರ್. ಎಂಬತ್ತರ ದಶಕದ ಕೊನೆಯಲ್ಲಿ ಬೆಂಗಳೂರಿಗೆ ತರಬೇತಿಗೆ ಹೋಗಿಬಂದ ಮೇಲೆ ಅವರ ಜೇಬಿನಲ್ಲಿ ಪೆನ್ನಿನ ಜಾಗಕ್ಕೆ ಥರ್ಮಾಮೀಟರ್ ಬಂದಿತ್ತು. ಸ್ನಾನದ ನೀರು, ರಾಗಿ ಗಂಜಿ, ಕಾಫಿ, ಯಾವುದನ್ನೂ ಬಿಡುತ್ತಿರಲಿಲ್ಲ. ನಾನು ರಜೆಗೆ ಹೋದಾಗ ನನ್ನ ಸಾರಿಗೂ ಅದ್ದಿದರು. ಊಟ ಹೇಗೆ ಸೇರಬೇಕು ಹೇಳಿ?

ಕಾರಣವಿಷ್ಟೆ. ಒಳ್ಳೆಯ ಸೀಮೆ ಹಸುವಿನ ಗರ್ಭದಿಂದ ಏಳು ದಿನದ ಭ್ರೂಣವನ್ನು ತೆಗೆದು, ಹೆಪ್ಪುಗಟ್ಟಿಸಿ, ತಿಂಗಳುಗಟ್ಟಲೆ ಇಟ್ಟು, ಬೇಕಾದಾಗ ಕರಗಿಸಿ ಇನ್ನೊಂದು ಹಸುವಿನೊಳಗೆ ಬಿಡುವ ವಿದ್ಯೆಯನ್ನು ಅವರು ಕಣ್ಣಾರೆ ಕಂಡಿದ್ದರು. ಕಂಡದ್ದನ್ನು ಹೇಳದೆ ಇರುವ ಜಾಯಮಾನ ಅವರದಲ್ಲ. ಒಂದು ದಿನ ಚಿಕ್ಕಮ್ಮ ಕಟ್ಟಿಟ್ಟಿದ್ದ ಕನಕಾಂಬರವನ್ನು ಆಸ್ಪತ್ರೆಯ ಹೊಗೆಯಾಡುವ ದ್ರವ ನೈಟ್ರೋಜನ್ ಕ್ಯಾನಿಗೆ ಇಳಿಬಿಟ್ಟು ತೆಗೆದು, ಹಪ್ಪಳದಂತೆ ಪುಡಿಪುಡಿ ಮಾಡಿ ತೋರಿಸಿದರು. ದಿಢೀರನೆ ಮುಳುಗಿಸಿದರೆ ಒಳಗಿನ ನೀರು ಮಂಜಿನ ಸೂಜಿಯಾಗಿ ಜೀವವನ್ನು ಸೀಳುತ್ತದಂತೆ. ಅದಕ್ಕೇ ಮೊದಲು ಗ್ಲಿಸರಿನ್ ಬೆರೆಸಿದ ದ್ರವದಲ್ಲಿ ನೆನೆಸಿ, ಸಣ್ಣ ಕೊಳವೆಗೆ ತುಂಬಿ, ನಿಧಾನವಾಗಿ ತಣಿಸಬೇಕಂತೆ. ಹೊರತೆಗೆದಾಗ ಮಾತ್ರ ಥರ್ಮಾಮೀಟರಿಟ್ಟು ಅಳೆದ ಹದವಾದ ಬಿಸಿನೀರಿನಲ್ಲಿ ಬೇಗ ಕರಗಿಸಬೇಕಂತೆ. ಚಿಕ್ಕಮ್ಮ ಎಲ್ಲ ಕೇಳಿಸಿಕೊಂಡು, “ಇದನ್ನ ತಿಳಿಸೋಕೆ ನನ್ನ ಹೂವೇ ಬೇಕಿತ್ತಾ?” ಎಂದರು.

ನಿಜವಾದ ಫಜೀತಿ ಶುರುವಾದದ್ದು ಬೆಂಗಳೂರಿನ ಡಾಕ್ಟರು ಪ್ರಯೋಗಕ್ಕೊಂದು ಹಸು ಹುಡುಕಲು ಹೇಳಿದಾಗ. ಚಿಕ್ಕಪ್ಪ ಭ್ರೂಣಕ್ಕೆ ‘ಪಿಂಡ’ ಎನ್ನುವ ಪದವನ್ನು ಯಾವುದೋ ಕರಪತ್ರದಲ್ಲಿ ಓದಿಕೊಂಡಿದ್ದರು. ಅದನ್ನೇ ಹಿಡಿದು ಆಂಧ್ರದ ಗಡಿಗೆ ಅಂಟಿದ ಹಳ್ಳಿಯೊಂದರಲ್ಲಿ ಒಬ್ಬ ಯಜಮಾನರ ಮುಂದೆ ನಿಂತು, ನಿಮ್ಮ ಹಸುವಿಗೆ ಪಿಂಡ ಇಡುತ್ತೇವೆ ಎಂದುಬಿಟ್ಟರು! ಕನ್ನಡದಲ್ಲಾಗಲಿ ತೆಲುಗಿನಲ್ಲಾಗಲಿ ಪಿಂಡ ಇಡುವುದು ಯಾರಿಗೆ? ಯಜಮಾನರು ಬೀಡಿ ಕೆಳಗಿಟ್ಟು, “ಬದುಕಿರೋ ಆವುಕೇ ಪಿಂಡಂ ಇಡ್ತೀಯೇನಪ್ಪಾ? ಮೊದಲು ಗೇಟು ದಾಟು” ಎಂದರಂತೆ. ಸುದ್ದಿ ಚಿಕ್ಕಪ್ಪನ ಸೈಕಲ್ಲಿಗಿಂತ ಮುಂದೆ ಓಡಿತು. ಮುಂದಿನ ನಾಲ್ಕು ಊರುಗಳಲ್ಲಿ ಇವರನ್ನು ಕಂಡೊಡನೆ ಹೆಂಗಸರು ಹಸುಗಳನ್ನು ಒಳಗೆ ಕಟ್ಟಿದರು.

ಕೊನೆಗೆ ಉಳಿದದ್ದು ಚಿಕ್ಕಮ್ಮನ ಚೆಲುವಿ, ಅಪ್ಪಟ ನಾಟಿ ಹಸು. ಅದಕ್ಕೆ ನೋವಾಗಬಾರದು ಎಂಬ ಒಂದೇ ಕರಾರಿನ ಮೇಲೆ ಚಿಕ್ಕಮ್ಮ ಒಪ್ಪಿದರು. ಚೆಲುವಿ ಬೆದೆಗೆ ಬಂದ ಏಳನೆಯ ದಿನ ಡಾಕ್ಟರು ಕ್ಯಾನಿನೊಂದಿಗೆ ಬಂದು ಕೆಲಸ ಮುಗಿಸಿ ಹೋದರು. ಇನ್ನೆರಡು ವಾರ ಕಳೆದು ಮತ್ತೆ ಬೆದೆಗೆ ಬಾರದಿದ್ದರೆ ಗರ್ಭ ನಿಂತಿತೆಂಬ ಆಸೆ ಇಟ್ಟುಕೊಳ್ಳಬಹುದಿತ್ತು. ಆ ಎರಡು ವಾರ ಅವರ ಬೀದಿಯ ಪಾಡು ಕೇಳಬೇಡಿ! ಒನಕೆ ಎತ್ತುವಂತಿಲ್ಲ, ರೇಡಿಯೋ ಜೋರು ಮಾಡುವಂತಿಲ್ಲ. ಸೋಡಾ ಮಾರುವವನಿಗೂ ಚಿಕ್ಕಪ್ಪ ಪಕ್ಕದ ಬೀದಿಯಲ್ಲಿ ಹೋಗಲು ಹೇಳಿದ್ದರು. ಒಂದು ಕರು ಹುಟ್ಟಿಬಿಟ್ಟರೆ ಗೇಟು ದಾಟಿಸಿದವರೆಲ್ಲ ತಾವಾಗಿ ಬಂದು ಕರೆಯುತ್ತಾರೆ ಎಂಬುದು ಚಿಕ್ಕಪ್ಪನ ನಂಬಿಕೆ.

ಹದಿನಾಲ್ಕನೆಯ ದಿನ ಬೆಳಗ್ಗೆ ಚೆಲುವಿ ಕೂಗಿದಳು. ಅದು ಹಸಿವಿನ ಕೂಗಲ್ಲ, ಬೆದೆಯ ಕೂಗು ಎಂದು ಚಿಕ್ಕಪ್ಪನಿಗೆ ಗೊತ್ತು. ಕೊಟ್ಟಿಗೆಯ ಬಾಗಿಲಲ್ಲಿ ಕೂತುಬಿಟ್ಟರು. ಹಸುವಿನ ಕಡೆ ತಿರುಗಿ, “ಅಷ್ಟು ಜೋಪಾನವಾಗಿ ತಂದುಕೊಟ್ರೂ ಉಳಿಸ್ಕೊಳ್ಳೋಕಾಗ್ಲಿಲ್ವಾ ನಿನಗೆ?” ಎಂದರು.

ಚಿಕ್ಕಮ್ಮ ಹುಲ್ಲಿನ ಕಟ್ಟನ್ನು ಕೆಳಗಿಟ್ಟರು. “ಅದನ್ನ ಬೈಬೇಡಿ. ನನಗೂ ಮೂರು ಸಲ ನಿಲ್ಲಲಿಲ್ಲ. ನನಗೆ ಒಂದಿನಾನೂ ಹಿಂಗೆ ಅನ್ನಲಿಲ್ವಲ್ಲ ನೀವು.”

ಅಷ್ಟು ವರ್ಷ ಆ ಮನೆಯಲ್ಲಿ ರಜೆ ಕಳೆದ ನನಗೆ ಇದು ಗೊತ್ತೇ ಇರಲಿಲ್ಲ. ಚಿಕ್ಕಪ್ಪ ಎದ್ದು ಹೋಗಿ ಚೆಲುವಿಯ ಕೊರಳ ಕೆಳಗಿನ ಗಂಗೆದೊಗಲನ್ನು ಸವರಿದರು.

“ಹೋಗ್ಲಿ ಬಿಡು. ನಿನ್ನ ತಪ್ಪಲ್ಲ” ಎಂದರು.

ಕೈ ಹಸುವಿನ ಮೇಲಿತ್ತು, ನೋಡುತ್ತಿದ್ದದ್ದು ಚಿಕ್ಕಮ್ಮನನ್ನು.